ಹೂ ಬಿಡುವ ಮೊದಲೇ ಕಿತ್ತು ಹಾಕೋಣ

ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡಿರುವ, ಪ್ಲಾಟು ಕೊಂಡಿಟ್ಟಿರುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ,



ನಮ್ಮ ಮೂರೂ ಊರುಗಳ ಅಂಚಿನಲ್ಲಿ ತೊಗರಿ, ಜೋಳ ಬೆಳೆಯುತ್ತಿದ್ದ ಎರಿ ಹೊಲಗಳು ಎನ್.ಎ. ಆಗಿ, ಲೇಔಟಾಗಿ, ಒಂದೊಂದೇ ಮನೆ ಏಳುತ್ತಿವೆ. ಗೇಟಿನೊಳಗೆ ಒಂದಿಷ್ಟು ಜಾಗ ಬಿಟ್ಟು, ಕೆಂಪು ಮಣ್ಣು ಹೊಡೆಸಿ, ಲಾನ್ ಹಾಕಿಸಿ, ಸಂಜೆ ಹೊತ್ತು ಅಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಈಗ ನಮ್ಮ ಕಡೆಯೂ ರೂಢಿಯಾಗಿದೆ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವ ಸೀಮೆಯಲ್ಲಿ ಮನೆ ಮುಂದೆ ಒಂದು ತುಂಡು ಹಸಿರು ಬಯಸುವುದು ಸಹಜ. ಆದರೆ ಎರಡನೇ ಮಳೆಗಾಲಕ್ಕೇ ಆ ಹಸಿರಿನ ನಡುವೆ ಕಾಂಗ್ರೆಸ್ ಕಸ ತಲೆ ಎತ್ತುತ್ತದೆ, ಜೇಕು ಮೇಲೆ ಬರುತ್ತದೆ. ಮೂರನೇ ವರ್ಷಕ್ಕೆ ಹುಲ್ಲು ಯಾವುದು, ಕಸ ಯಾವುದು ತಿಳಿಯದಂತಾಗುತ್ತದೆ. ಆಗ ಅಂಗಡಿಗೆ ಹೋಗಿ ಕಸಕ್ಕೆ ಹೊಡೆಯುವ ಎಣ್ಣೆ ತರುತ್ತೇವೆ. ಕಸದ ಜತೆ ಲಾನೂ ಸುಟ್ಟುಹೋಗುತ್ತದೆ. ಮುಂದಿನ ಮಳೆಗೆ ಕಸ ಮತ್ತೆ ಬರುತ್ತದೆ, ಲಾನ್ ಬರುವುದಿಲ್ಲ.

ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಲಾನಿನ ಕಸ ಲಾನಿನೊಳಗೆ ಹುಟ್ಟಿದ್ದಲ್ಲ. ಪಕ್ಕದ ಖಾಲಿ ಪ್ಲಾಟಿನಿಂದ, ಟ್ರ್ಯಾಕ್ಟರಿನಲ್ಲಿ ಬಂದ ಮಣ್ಣಿನಿಂದ, ಕಳಿಯದ ಗೊಬ್ಬರದಿಂದ, ನರ್ಸರಿಯ ಚೀಲದಿಂದ ಅದು ಒಳಗೆ ಬಂದಿದೆ. ಹಾಗಾಗಿ ಒಬ್ಬೊಬ್ಬರು ತಮ್ಮ ತಮ್ಮ ಕಂಪೌಂಡಿನೊಳಗೆ ಎಷ್ಟು ದುಡಿದರೂ ಇದು ಮುಗಿಯುವ ಕೆಲಸವಲ್ಲ. ಓಣಿಯವರೆಲ್ಲ ಕೂಡಿ, ಹೂ ಬಿಡುವ ಮೊದಲೇ ಕಿತ್ತು, ಕಿತ್ತ ಜಾಗವನ್ನು ಬರಿದಾಗಿ ಬಿಡದೆ ಬೇರೆ ಹಸಿರಿನಿಂದ ಮುಚ್ಚಬೇಕು. ಇಷ್ಟು ಮಾಡಿದರೆ ಎರಡು ಮೂರು ಮಳೆಗಾಲದಲ್ಲಿ ನಮ್ಮ ಬಡಾವಣೆಗಳ ಮುಖವೇ ಬದಲಾದೀತು.

ಮೊದಲು ಎದುರಿಗಿರುವುದು ಯಾವ ಗಿಡ ಎಂದು ತಿಳಿದುಕೊಳ್ಳೋಣ. ನಾವು ಕಾಂಗ್ರೆಸ್ ಕಸ ಎನ್ನುವ, ಗಡಿಯಾಚೆಯ ಮರಾಠಿ ಮಂದಿ ಗಾಜರ ಗವತ ಎನ್ನುವ ಪಾರ್ಥೇನಿಯಂ, ಮೆಕ್ಸಿಕೊ ಕೊಲ್ಲಿಯ ಸುತ್ತಲಿನ ನಾಡುಗಳ ಗಿಡ. ನಮ್ಮ ದೇಶದಲ್ಲಿ ಅದು ಹಬ್ಬುತ್ತಿರುವುದು ಎದ್ದು ಕಂಡದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಅಮೆರಿಕದಿಂದ ಆಮದಾದ ಗೋಧಿಯ ಜತೆ ಬೀಜ ಬಂತೆಂಬುದು ಪ್ರಚಲಿತವಾಗಿರುವ ವಿವರಣೆ. ಪುಣೆ ನಮಗೆ ದೂರದ ಊರಲ್ಲ. ದುಡಿಯಲು ಹೋಗುವವರು, ಓದಲು ಹೋಗುವವರು, ಲಾರಿ, ರೈಲು ಎಲ್ಲವೂ ಸೊಲ್ಲಾಪುರದ ದಾರಿಯಲ್ಲೇ ಓಡಾಡುತ್ತವೆ. ಇಪ್ಪತ್ತು ವರ್ಷ ತುಂಬುವಷ್ಟರಲ್ಲಿ ಕರ್ನಾಟಕದಲ್ಲಿ ಅದು ಎಷ್ಟು ಹಬ್ಬಿತ್ತೆಂದರೆ, 1975ರಲ್ಲಿ ರಾಜ್ಯ ಸರ್ಕಾರ 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಅದನ್ನು ಪೀಡೆ ಎಂದು ಘೋಷಿಸಬೇಕಾಯಿತು. ಆ ಘೋಷಣೆಯಾಗಿ ಐವತ್ತು ವರ್ಷವಾಯಿತು. ಗಿಡ ಇನ್ನೂ ನಮ್ಮ ಗೇಟಿನ ಮುಂದಿದೆ. ಬರೀ ಕಾಗದದಿಂದ ಆಗುವ ಕೆಲಸ ಇದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಲಾನ್ ಹಾಕಿಸುವವರು ಆಸ್ಟ್ರೇಲಿಯಾದ ಕತೆಯನ್ನೂ ತಿಳಿದಿರಬೇಕು. ಅಲ್ಲಿನ ಕ್ವೀನ್ಸ್‌ಲ್ಯಾಂಡ್ ಪ್ರಾಂತಕ್ಕೆ 1960ರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಮೇವಿನ ಹುಲ್ಲಿನ ಬೀಜ ತರಿಸಿದರು. ಆ ಬೀಜದಲ್ಲಿ ಪಾರ್ಥೇನಿಯಂ ಬೀಜ ಬೆರೆತಿತ್ತು. ಮುಂದೆ ಅದು ದನ ಮೇಯುವ ವಿಶಾಲ ಹುಲ್ಲುಗಾವಲುಗಳನ್ನೇ ನುಂಗಿತು. ಕಸ ಇರುವ ಪ್ರದೇಶದಿಂದ ಹೊರಡುವ ಗಾಡಿ, ಟ್ರ್ಯಾಕ್ಟರುಗಳ ಚಕ್ರ ತೊಳೆಯುವುದಕ್ಕೆಂದೇ ಅಲ್ಲಿ ರಸ್ತೆ ಬದಿಯಲ್ಲಿ ತೊಳೆಯುವ ಕಟ್ಟೆಗಳನ್ನು ಕಟ್ಟಿದ್ದಾರೆ. ಹುಲ್ಲು ಬೇಕೆಂದು ತರಿಸಿದ ಚೀಲದಲ್ಲೇ ಕಸ ಬಂದಿತ್ತು ಎಂಬುದು ಇಲ್ಲಿ ಮುಖ್ಯ. ನಾವು ಲಾನಿಗೆಂದು ತರಿಸುವ ಮಣ್ಣಿನ ಲೋಡು, ಕೆರೆಯ ಹೂಳು, ನರ್ಸರಿಯ ಗಿಡದ ಚೀಲ, ಹುಲ್ಲಿನ ಚಪ್ಪಡಿ ಇವುಗಳಲ್ಲೂ ಹಾಗೇ ಬರುತ್ತದೆ. ಭೀಮಾ ದಂಡೆಯವರಿಗೆ ಇನ್ನೊಂದು ದಾರಿಯೂ ಇದೆ. 2020ರ ಅಕ್ಟೋಬರಿನ ಪ್ರವಾಹದಂಥ ಹೊತ್ತಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಹೊಳೆದಂಡೆಯಲ್ಲಿ ನೀರು ಬಿಟ್ಟುಹೋಗುವ ರಾಡಿಯಲ್ಲಿ ಮೇಲಿನ ಸೀಮೆಯ ಕಸದ ಬೀಜವೂ ಇರುತ್ತದೆ. ಅಂಥ ಮಣ್ಣನ್ನು ಫಲವತ್ತು ಎಂದು ನೇರವಾಗಿ ಅಂಗಳಕ್ಕೆ ಸುರಿಸಿಕೊಳ್ಳುವ ಮೊದಲು ಯೋಚಿಸಬೇಕು.

ಮಿರಗ ಮಳೆ ಬಿದ್ದು ವಾರ ಕಳೆದ ಮೇಲೆ ಖಾಲಿ ಪ್ಲಾಟಿನ ಅಂಚಿನಲ್ಲಿ ಬಗ್ಗಿ ನೋಡಿ. ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿದ, ಗಜ್ಜರಿ ಎಲೆಯ ಹಾಗೆ ಸೀಳು ಸೀಳಾದ, ತಿಳಿಹಸಿರಿನ ಎಲೆಗಳು ಕಾಣುತ್ತವೆ. ಆಗ ಅದು ಅಂಗೈ ಅಗಲವಷ್ಟೇ ಇರುತ್ತದೆ. ತನ್ನ ಎಲೆ ಹರಡಿದಷ್ಟು ಜಾಗದಲ್ಲಿ ಬೇರೆ ಏನನ್ನೂ ಏಳಗೊಡುವುದಿಲ್ಲ. ನೆರಳಿನಿಂದ ಒತ್ತುವುದಲ್ಲದೆ ತನ್ನ ಬೇರು, ಎಲೆಗಳಿಂದ ಮಣ್ಣಿಗೆ ವಿಷದ ಅಂಶ ಬಿಟ್ಟು ಬೇರೆ ಬೀಜ ಮೊಳೆಯದಂತೆ ತಡೆಯುತ್ತದೆ. ಆ ಹಂತದಲ್ಲಿ ಎರಡು ಬೆರಳಿನಿಂದ ಬುಡ ಹಿಡಿದು ಎಳೆದರೆ ತಾಯಿಬೇರು ಸಮೇತ ಬರುತ್ತದೆ. ಒಂದೂವರೆ ತಿಂಗಳು ಬಿಟ್ಟು ಹೋಗಿ ನೋಡಿದರೆ ಅದೇ ಗಿಡ ಸೊಂಟದೆತ್ತರಕ್ಕೆ ಏರುತ್ತಿರುತ್ತದೆ, ತುದಿಯಲ್ಲಿ ಬಿಳಿ ಹೂ ತುಂಬಿರುತ್ತದೆ. ಒಂದೊಂದು ಗಿಡ ಹತ್ತು, ಹದಿನೈದು ಸಾವಿರ ಬೀಜ ಉದುರಿಸಬಲ್ಲದು. ಮೂರು ನಾಲ್ಕು ತಿಂಗಳಲ್ಲಿ ಅದರ ಆಯುಷ್ಯ ಮುಗಿಯುತ್ತದೆ; ನೀರಿದ್ದರೆ ಅದೇ ವರ್ಷ ಮುಂದಿನ ಪೀಳಿಗೆಯೂ ಎದ್ದು ನಿಲ್ಲುತ್ತದೆ. ನಮ್ಮ ಎರಿ ಮಣ್ಣಿನಲ್ಲಿ ಇನ್ನೊಂದು ತೊಡಕು ಇದೆ. ಬೇಸಿಗೆಯಲ್ಲಿ ನೆಲ ಬಿರಿಯುತ್ತದೆ, ಬೀಜ ಬಿರುಕಿನೊಳಕ್ಕೆ ಇಳಿಯುತ್ತದೆ, ಮಳೆಗೆ ಬಿರುಕು ಕೂಡಿಕೊಳ್ಳುತ್ತದೆ. ಮೇಲಿನ ಬೀಜ ಬೇಗ ಮೊಳೆತು ಮುಗಿಯುತ್ತದೆ, ಒಳಗೆ ಹೂತ ಬೀಜ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಹಾಗಾಗಿ ಒಂದು ವರ್ಷ ಕಿತ್ತು ಕೈತೊಳೆದುಕೊಂಡರೆ ಆಗಲಿಲ್ಲ. ಒಂದು ವರ್ಷ ಬೀಜ ಉದುರಲು ಬಿಟ್ಟರೆ ಎಷ್ಟೋ ವರ್ಷ ಅದರ ದಂಡ ಕಟ್ಟಬೇಕಾಗುತ್ತದೆ.

ನಮ್ಮದು ನಾಲ್ಕು ಚದರ ಅಂಗಳ, ಇದರಿಂದ ಊರಿಗೇನು ಎನ್ನಬೇಡಿ. ನಮ್ಮ ಬಡಾವಣೆಗಳು ಹೊಲಕ್ಕೆ ಹೊಂದಿಕೊಂಡೇ ಇವೆ. ನಿಮ್ಮ ಕಂಪೌಂಡಿನಾಚೆ ಎರಡು ಪ್ಲಾಟು ದಾಟಿದರೆ ಯಾರದೋ ತೊಗರಿ ನಿಂತಿರುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರನ್ನು ಉಳಿಸುತ್ತಿರುವವರು ಆ ಹೊಲದವರು. ಜೇವರ್ಗಿ ಕಡೆ ಹತ್ತಿ ಬೆಳೆಯುವವರಿಗೆ ಬಿಳಿ ಹಿಟ್ಟು ತಿಗಣೆಯ ಕಾಟ ಗೊತ್ತು. ಹೊಲದಲ್ಲಿ ಹತ್ತಿ ಇಲ್ಲದ ತಿಂಗಳುಗಳಲ್ಲಿ ಆ ತಿಗಣೆ ಬದುಕುಳಿಯುವ ಆಸರೆಗಳಲ್ಲಿ ಪಾರ್ಥೇನಿಯಂ ಮುಖ್ಯವಾದದ್ದು. ಸೂರ್ಯಕಾಂತಿಯ ಸಂಗತಿ ಇನ್ನೂ ಗಂಭೀರ. 1997ರಲ್ಲಿ ಬಾಗೇಪಲ್ಲಿ ಬಳಿ ಕಾಣಿಸಿಕೊಂಡು ಆಮೇಲೆ ದಕ್ಷಿಣ ಭಾರತದ ಸೂರ್ಯಕಾಂತಿ ಬೆಳೆಯನ್ನು ಕಾಡಿದ ನೆಕ್ರೋಸಿಸ್ ರೋಗದ ವೈರಸ್ಸನ್ನು ಪಾರ್ಥೇನಿಯಂ ತನ್ನ ಮೈಯಲ್ಲಿ ಇಟ್ಟುಕೊಂಡಿರುತ್ತದೆ. ರೋಗದ ಲಕ್ಷಣ ಅದರ ಮೇಲೆ ಕಾಣುವುದೇ ಇಲ್ಲ. ಅದರ ಪರಾಗದ ಜತೆ ಥ್ರಿಪ್ಸ್ ನುಶಿಗಳು ವೈರಸ್ಸನ್ನು ಬೆಳೆಗೆ ಸಾಗಿಸುತ್ತವೆ. 2000ದಲ್ಲಿ ಆಂಧ್ರದ ಅನಂತಪುರ ಜಿಲ್ಲೆಯ ಶೇಂಗಾ ಬೆಳೆಯನ್ನು ಹಾಳುಗೆಡವಿದ್ದೂ ಇದೇ ವೈರಸ್ಸು. ಪಾರ್ಥೇನಿಯಂ ಪರಾಗ ಬದನೆ, ಟೊಮೆಟೊ ಹೂಗಳ ಮೇಲೆ ಬಿದ್ದರೆ ಕಾಯಿ ಕಟ್ಟುವುದೂ ಕಡಿಮೆಯಾಗುತ್ತದೆ. ನಿಮ್ಮ ಹಿತ್ತಲಿನ ಬದನೆ ಗಿಡ ಹೂ ತುಂಬಿಯೂ ಕಾಯಿ ಕಟ್ಟದಿದ್ದರೆ ಗೋಡೆಯಾಚೆ ಏನು ಬೆಳೆದಿದೆ ಎಂದೂ ಒಮ್ಮೆ ನೋಡಿ.

ಇನ್ನು ಮನುಷ್ಯರ ಮಾತು. ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ಅಂಶ ಚರ್ಮಕ್ಕೆ ಅಲರ್ಜಿ ತರುತ್ತದೆ. ಪರಾಗ ಮೂಗು ಸೋರುವುದು, ಸೀನು, ದಮ್ಮು ತರುತ್ತದೆ. ಮೊದಲ ದಿನ ಮುಟ್ಟಿದಾಗ ಏನೂ ಆಗದಿರಬಹುದು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಟ್ಟುತ್ತ ಬಂದವರ ಮೈ ಒಂದು ದಿನ ಅದನ್ನು ತಡೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಚುವ ಜಾಗದಲ್ಲಿ ತುರಿಕೆ ಎದ್ದು, ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಬಿಸಿಲಿಗೆ ಹೋದರೆ ಹೆಚ್ಚಾಗುತ್ತದೆ. ಒಮ್ಮೆ ಹತ್ತಿಕೊಂಡರೆ ಬಹುತೇಕ ಜೀವನಪೂರ್ತಿ ಕಾಡುತ್ತದೆ. ನಮ್ಮ ಬಡಾವಣೆಗಳಲ್ಲಿ ಈ ಗಿಡವನ್ನು ಕೀಳುವವರು ಯಾರು? ಮನೆಯವರಲ್ಲ. ದಿನಗೂಲಿಗೆ ಬಂದ ತಾಯಂದಿರು. ಬರಿಗೈಯಲ್ಲಿ ಕುರ್ಪಿ ಹಿಡಿದು, ಸೀರೆಯ ಸೆರಗನ್ನೇ ಮೂಗಿಗೆ ಕಟ್ಟಿಕೊಂಡು, ಹೂ ತುಂಬಿದ ಗಿಡಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೋಗಿ ರಸ್ತೆ ಬದಿಗೆ ಒಗೆಯುತ್ತಾರೆ. ಅವರ ಮಣಿಕಟ್ಟಿನಿಂದ ಮೊಣಕೈವರೆಗೆ ಕಪ್ಪಾದ, ಒಡೆದ ಚರ್ಮವನ್ನು ನೋಡಿದವರು ನೀವೂ ಇದ್ದೀರಿ. ಒಂದು ಜತೆ ರಬ್ಬರ್ ಕೈಗವಸು, ಮೂಗಿಗೆ ಒಂದು ಮಾಸ್ಕು, ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ತೊಳೆಯಲು ನೀರು ಕೊಡುವುದು ನಮಗೆ ಭಾರವಲ್ಲ. ಇಷ್ಟು ಕೊಡಲಾಗದಿದ್ದರೆ ಅವರನ್ನು ಆ ಕೆಲಸಕ್ಕೆ ಕರೆಯುವ ಹಕ್ಕು ನಮಗಿಲ್ಲ. ಶಾಲೆಯ ಶ್ರಮದಾನದ ಹೆಸರಿನಲ್ಲಿ ಮಕ್ಕಳ ಕೈಯಲ್ಲಂತೂ ಇದನ್ನು ಕೀಳಿಸಲೇಬಾರದು.

ಈಗ ಮಾಡುವ ಕೆಲಸಕ್ಕೆ ಬರೋಣ. ನಮ್ಮ ಹಿರಿಯರು ಹೊಲದ ಕೆಲಸವನ್ನು ಮಳೆ ನಕ್ಷತ್ರ ಮತ್ತು ಹಬ್ಬದ ಲೆಕ್ಕದಲ್ಲೇ ಇಟ್ಟುಕೊಂಡವರು. ಬಡಾವಣೆಯ ಕಸಕ್ಕೂ ಅದೇ ಲೆಕ್ಕ ಸಾಕು. ಮೊದಲ ಸುತ್ತು ಕಾರ ಹುಣ್ಣಿಮೆಯ ಆಜುಬಾಜು, ಮಿರಗ ಮಳೆಗೆ ನೆಲ ಹಸಿಯಾದಾಗ. ಗಿಡ ಆಗ ನೆಲಕ್ಕಂಟಿಕೊಂಡ ಹಂತದಲ್ಲಿರುತ್ತದೆ, ಹೂವಿಲ್ಲ, ಪರಾಗವಿಲ್ಲ, ಬೇರು ಸಡಿಲ. ಎರಡನೇ ಸುತ್ತು ನಾಗರ ಪಂಚಮಿಗೆ ಮೊದಲು. ಮೊದಲ ಸಲ ಕಣ್ತಪ್ಪಿದವು, ಆಮೇಲೆ ಮೊಳೆತವು ಆಗ ಸಿಗುತ್ತವೆ. ಮೂರನೆಯದು ಶ್ರಾವಣ ಮುಗಿಯುವುದರೊಳಗೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಾದ್ಯಂತ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುತ್ತದೆ. ಮೂರನೇ ಸುತ್ತನ್ನು ಆ ವಾರಕ್ಕೇ ಇಟ್ಟುಕೊಳ್ಳಬಹುದು. ಮೂರೂ ಸಲ ಕುಡಗೋಲಿನಿಂದ ಕೊಯ್ಯಬೇಡಿ, ಬೇರು ಸಮೇತ ಕೀಳಿ. ಕೊಯ್ದ ಬುಡದಿಂದ ನಾಲ್ಕು ಟೊಂಗೆ ಒಡೆದು ಮೊದಲಿಗಿಂತ ಬೇಗ ಹೂ ಬಿಡುತ್ತದೆ.

ಕಿತ್ತ ಗಿಡಕ್ಕೂ ಒಂದು ದಾರಿ ಮಾಡಬೇಕು. ಹೂ ಬರುವ ಮೊದಲು ಕಿತ್ತದ್ದು ಒಳ್ಳೆಯ ಗೊಬ್ಬರವಾಗುತ್ತದೆ. ಬಡಾವಣೆಯ ಒಂದು ಮೂಲೆಯಲ್ಲಿ ಮೂರು ಅಡಿ ಆಳ, ಆರು ಅಡಿ ಅಗಲ, ಹತ್ತು ಅಡಿ ಉದ್ದದ ಗುಂಡಿ ತೋಡಿ, ಗಿಡದ ಒಂದು ಪದರ, ಸಗಣಿ ರಾಡಿಯ ಒಂದು ಪದರ, ತೆಳುವಾಗಿ ಮಣ್ಣು, ಹೀಗೆ ತುಂಬುತ್ತ ಬಂದು ಮೇಲೆ ಮಣ್ಣು ಮೆತ್ತಿ ಮುಚ್ಚಿ. ನಾಲ್ಕೈದು ತಿಂಗಳಲ್ಲಿ ಕಳಿಯುತ್ತದೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಅದೇ ಗೊಬ್ಬರವನ್ನು ಲಾನಿಗೆ, ಹೂವಿನ ಗಿಡಕ್ಕೆ ಹಾಕಬಹುದು. ಹೂ ಬಂದ ಗಿಡವನ್ನು ಮಾತ್ರ ಈ ಗುಂಡಿಗೂ, ಬಯಲಿನ ತಿಪ್ಪೆಗೂ ಹಾಕಬಾರದು. ಬೀಜ ಸಾಯದೆ ಉಳಿದು ಗೊಬ್ಬರದ ಜತೆ ಮರಳಿ ಅಂಗಳಕ್ಕೆ ಬರುತ್ತದೆ. ಅಂಥವನ್ನು ಅಲ್ಲಾಡಿಸದೆ ಗೊಬ್ಬರದ ಖಾಲಿ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಬೇರೆಯಾಗಿ ಆಳಕ್ಕೆ ಹೂಳಬೇಕು. ಹೊರಗಿನಿಂದ ಸಗಣಿ ಗೊಬ್ಬರ ಕೊಳ್ಳುವವರು ಪೂರ್ತಿ ಕಳಿತಿದ್ದನ್ನೇ ಕೇಳಿ ಪಡೆಯಿರಿ. ಹೊಸ ಮಣ್ಣು ಹೊಡೆಸಿದ ಮೇಲೆ ಅದರ ಮೇಲೆ ಕೂಡಲೇ ಹುಲ್ಲು ಹಾಕಿಸಬೇಡಿ. ನೀರು ಬಿಟ್ಟು ಎರಡು ವಾರ ಕಾಯಿರಿ, ಮೊಳೆತ ಕಸವನ್ನೆಲ್ಲ ಕಿತ್ತು ಆಮೇಲೆ ಹಾಕಿಸಿ. ಬೇಸಿಗೆಯಾದರೆ ಇನ್ನೂ ಒಳ್ಳೆಯ ಉಪಾಯವಿದೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲಕ್ಕೆ ನೀರು ಹಾಯಿಸಿ, ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಟ್ಟರೆ, ನಮ್ಮ ಬಿಸಿಲಿಗೆ ಮೇಲ್ಪದರದ ಬಹುಪಾಲು ಕಸದ ಬೀಜ ಬೆಂದುಹೋಗುತ್ತದೆ.

ಜೇಕಿನ ಮಾತೇ ಬೇರೆ. ಅದು ಹೊರಗಿನಿಂದ ಬಂದದ್ದಲ್ಲ, ಈ ನೆಲದ್ದೇ. ಆದರೂ ಜಗತ್ತಿನ ಕಳೆ ತಜ್ಞರು 1977ರ ತಮ್ಮ ದೊಡ್ಡ ಗ್ರಂಥದಲ್ಲಿ ಎಲ್ಲಕ್ಕಿಂತ ಕೆಟ್ಟ ಕಳೆ ಎಂಬ ಮೊದಲ ಸ್ಥಾನ ಕೊಟ್ಟದ್ದು ಇದಕ್ಕೇ. ಲಾನಿನ ಒಂದು ಜೇಕಿನ ಬುಡದಲ್ಲಿ ಕುರ್ಪಿ ಇಳಿಸಿ, ಮಣ್ಣನ್ನು ನಿಧಾನವಾಗಿ ಬಿಡಿಸಿ ನೋಡಿ. ಮೂರು ಏಣಿನ ಕಡ್ಡಿಯ ಕೆಳಗೆ ಕಪ್ಪು ಸಿಪ್ಪೆಯ ಒಂದು ಗಡ್ಡೆ, ಅದರಿಂದ ಹೊರಟ ತೆಳುವಾದ ಗಟ್ಟಿ ಬೇರು, ಗೇಣು ದೂರದಲ್ಲಿ ಇನ್ನೊಂದು ಗಡ್ಡೆ, ಅಲ್ಲಿಂದ ಮುಂದೆ ಮತ್ತೊಂದು. ಒಡೆದರೆ ಒಳಗೆ ಬಿಳಿ, ಘಮ್ಮೆನ್ನುವ ವಾಸನೆ. ಮೇಲಿನ ಎಲೆ ಹರಿದರೆ ಬೇರು ಅಲ್ಲೇ ತುಂಡಾಗುತ್ತದೆ. ಅದುವರೆಗೆ ಸುಮ್ಮನಿದ್ದ ಕೆಳಗಿನ ಗಡ್ಡೆಗಳೆಲ್ಲ ಚಿಗುರುತ್ತವೆ. ಒಂದು ಕಡ್ಡಿ ಕಿತ್ತ ಜಾಗದಲ್ಲಿ ನಾಲ್ಕು ಏಳುವುದು ಇದರಿಂದಲೇ. ನೆಲ ಹಸಿಯಿದ್ದಾಗ ಗಡ್ಡೆ ಸಮೇತ ಅಗೆದು ತೆಗೆಯಬೇಕು; ಎರಡು ಮೂರು ವಾರಕ್ಕೊಮ್ಮೆ, ಹೊಸ ಗಡ್ಡೆ ಕಟ್ಟುವ ಮೊದಲೇ, ಹೊಸ ಚಿಗುರನ್ನು ಹಿಂಬಾಲಿಸಬೇಕು. ತೆಗೆದ ಗಡ್ಡೆಯನ್ನು ತಿಪ್ಪೆಗೆ ಹಾಕದೆ ಕಾಂಕ್ರೀಟಿನ ಮೇಲೆ ಬಿಸಿಲಿಗೆ ಹರವಿ ಒಣಗಿಸಿ. ದಿನವೂ ನೀರು ನಿಲ್ಲಿಸುವ ಲಾನಿನಲ್ಲಿ ಜೇಕು ಹೆಚ್ಚು. ಪೈಪು ಹಿಡಿದು ದಿನಾ ಸಂಜೆ ತೋಯಿಸುವುದನ್ನು ಬಿಟ್ಟು, ನೆಲ ಒಣಗಿದ ಮೇಲೆ ಆಳಕ್ಕಿಳಿಯುವ ಹಾಗೆ ಒಮ್ಮೆಗೇ ನೀರು ಕೊಡಿ. ಹುಲ್ಲನ್ನು ನೆಲ ಕಾಣುವಂತೆ ಬೋಳಿಸಬೇಡಿ. ಎರಡು ಇಂಚು ಎತ್ತರ ಉಳಿದರೆ ಅದರ ನೆರಳಿಗೇ ಸಣ್ಣ ಕಸ ಮೊಳೆಯಲು ಹೆದರುತ್ತದೆ.

ಹುಲ್ಲಿನ ಆಯ್ಕೆಯೂ ಇದೇ ಲೆಕ್ಕದಲ್ಲಿ ಆಗಬೇಕು. ನರ್ಸರಿಯವರು ಮೆಕ್ಸಿಕನ್ ಲಾನ್, ಕೊರಿಯನ್ ಲಾನ್ ಎಂದು ತೋರಿಸುತ್ತಾರೆ. ನೋಡಲು ಚಂದ. ಆದರೆ ಅವು ನಿಧಾನ ಹಬ್ಬುತ್ತವೆ. ಹಬ್ಬುವವರೆಗೆ ನಡುವೆ ಬಿಟ್ಟ ಜಾಗ ಕಸದ ಪಾಲಾಗುತ್ತದೆ. ನಮ್ಮ ಕರಿಕೆ ಇದೆಯಲ್ಲ, ಗಣಪ್ಪನಿಗೆ ಏರಿಸುವ ಅದೇ ಕರಿಕೆ, ಈ ಬಿಸಿಲಿಗೂ ಈ ಮಣ್ಣಿಗೂ ಹೊಂದಿಕೊಂಡದ್ದು. ನೀರು ತಪ್ಪಿದರೆ ಒಣಗಿದಂತೆ ಕಾಣುತ್ತದೆ, ಒಂದು ಮಳೆಗೆ ಮತ್ತೆ ಹಸಿರಾಗುತ್ತದೆ, ನೆಲವನ್ನು ಬೇಗ ಹೊದಿಯುತ್ತದೆ. ಹೊಲದಲ್ಲಿ ಅದನ್ನು ಕಂಡು ರೈತ ಬೆಚ್ಚಿಬೀಳುವುದು ನಿಜ. ಆದರೆ ನಾಲ್ಕು ಗೋಡೆಗಳ ಅಂಗಳದಲ್ಲಿ ಅದರ ಆ ಹಟವೇ ನಮಗೆ ಬೇಕಾದ ಗುಣ. ವರ್ಷಕ್ಕೆ 700ರಿಂದ 800 ಮಿಲಿಮೀಟರ್ ಮಳೆ ಬೀಳುವ, ಅದರಲ್ಲೂ ಬಹುಪಾಲು ನಾಲ್ಕು ತಿಂಗಳಲ್ಲೇ ಮುಗಿಯುವ ಈ ತಾಲ್ಲೂಕುಗಳಲ್ಲಿ ಸಾಕುವಷ್ಟು ಲಾನನ್ನಷ್ಟೇ ಹಾಕಿಸಿ, ಉಳಿದ ಜಾಗಕ್ಕೆ ಬೇವು, ದಾಸವಾಳ, ಕರಿಬೇವು ಹಚ್ಚುವುದು ಎಲ್ಲ ರೀತಿಯಿಂದಲೂ ಲೇಸು.

ಎಣ್ಣೆ ಹೊಡೆಯುವ ಬಗ್ಗೆ ಖಚಿತವಾಗಿ ಹೇಳುತ್ತೇನೆ. ಮನೆಯಂಗಳಕ್ಕೆ ಅದು ಬೇಡ. ಗ್ಲೈಫೊಸೇಟ್ ಹಸಿರಾಗಿರುವ ಎಲ್ಲವನ್ನೂ ಕೊಲ್ಲುತ್ತದೆ, ನಿಮ್ಮ ಲಾನನ್ನೂ. ಮನುಷ್ಯರಿಗೆ, ಜಾನುವಾರುಗಳಿಗೆ ಆಗುವ ಅಪಾಯದ ಕಾರಣ ಕೊಟ್ಟು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲೇ, ಪರವಾನಗಿ ಪಡೆದ ಕೀಟ ನಿಯಂತ್ರಕರ ಹೊರತು ಬೇರೆ ಯಾರೂ ಅದನ್ನು ಬಳಸಬಾರದೆಂದು ಅಧಿಸೂಚನೆ ಹೊರಡಿಸಿದೆ. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಮಕ್ಕಳು ಆಡುವ ಮನೆಯಲ್ಲಿ ಅದರ ಬಾಟಲಿಯನ್ನು ಇಡುವುದೇ ತಪ್ಪು. 2,4-ಡಿ ಹುಲ್ಲನ್ನು ಬಿಟ್ಟು ಅಗಲ ಎಲೆಯ ಕಸವನ್ನು ಕೊಲ್ಲುತ್ತದೆಂದು ಅಫಜಲಪುರದ ಕಬ್ಬಿನ ಗದ್ದೆಗಳಿಂದ ಕೇಳಿ ತಿಳಿದವರು ಅದನ್ನೇ ಲಾನಿಗೆ ತರುತ್ತಾರೆ. ತೊಗರಿ, ಹತ್ತಿ ಎರಡೂ ಅಗಲ ಎಲೆಯ ಬೆಳೆಗಳು ಎಂಬುದು ನೆನಪಿರಲಿ. ಸಂಜೆ ಗಾಳಿಗೆ ತೇಲಿದ ಆ ಹನಿ ಪಕ್ಕದ ಹೊಲಕ್ಕೆ ಬಿದ್ದರೆ ಎಲೆ ಮುರುಟಿ, ಹೂ ಉದುರಿ, ಒಬ್ಬ ರೈತನ ವರ್ಷದ ದುಡಿಮೆ ಹೋಗುತ್ತದೆ. ಅಡುಗೆ ಉಪ್ಪಿನ ಮಾತನ್ನೂ ಕೇಳಿರುತ್ತೀರಿ. ಲೀಟರ್ ನೀರಿಗೆ 150ರಿಂದ 200 ಗ್ರಾಂ ಉಪ್ಪು ಬೆರೆಸಿ ಸಿಂಪಡಿಸಿದರೆ ಪಾರ್ಥೇನಿಯಂ ಸಾಯುತ್ತದೆ. ಪಾಳು ಜಾಗ, ರಸ್ತೆ ಬದಿಗೆ ಈ ಶಿಫಾರಸು ಇದೆ. ಅಂಗಳಕ್ಕೆ ಅದು ಸಲ್ಲದು. ಎರಿ ಮಣ್ಣಿಗೆ ಉಪ್ಪು ಸೇರುತ್ತ ಹೋದರೆ ನೀರು ಇಂಗುವುದು ನಿಂತು, ನೆಲ ಬಿರುಸಾಗಿ, ಆಮೇಲೆ ಏನನ್ನೂ ಬೆಳೆಯಲಾಗುವುದಿಲ್ಲ.

ಎಣ್ಣೆ ಬೇಡ ಎನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ, ಅದು ಸಂತೋಷದ ಕಾರಣ. ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 1983ರಲ್ಲಿ ಮೆಕ್ಸಿಕೊದಿಂದ ಜೈಗೋಗ್ರಾಮ ಎಂಬ ಜೀರುಂಡೆಯನ್ನು ತರಿಸಿ, ಪರೀಕ್ಷಿಸಿ, 1984ರಲ್ಲಿ ಹೊರಗೆ ಬಿಟ್ಟರು. ಅರ್ಧ ಸೆಂಟಿಮೀಟರಿಗಿಂತ ತುಸು ದೊಡ್ಡದು, ಕೆನೆಬಣ್ಣದ ಬೆನ್ನಿನ ಮೇಲೆ ಕಂದು ಗೀರುಗಳು. ಮರಿಗಳೂ ದೊಡ್ಡವೂ ಪಾರ್ಥೇನಿಯಂ ಎಲೆಯನ್ನೇ ತಿನ್ನುತ್ತವೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿ, ಮಳೆಗೆ ಎದ್ದು ಬರುತ್ತವೆ. ಎಲೆಯಡಿ ಹಳದಿ ತತ್ತಿಗಳಿದ್ದ, ಕಡ್ಡಿಯಷ್ಟೇ ಉಳಿದ ಗಿಡಗಳನ್ನು ನೀವು ಕಂಡರೆ ಅದು ಇವುಗಳ ಕೆಲಸ. ಇವುಗಳಿಂದ ಸೂರ್ಯಕಾಂತಿಗೆ ಕುತ್ತು ಬರಬಹುದೆಂಬ ಗಾಬರಿ ಹಿಂದೆ ಎದ್ದಿತ್ತು. ತಜ್ಞರು ಪರಿಶೀಲಿಸಿದ ಮೇಲೆ ಅದು ತಣ್ಣಗಾಯಿತು. ಬರೀ ಜೀರುಂಡೆಯಿಂದ ಕಸ ನಾಶವಾಗುವುದಿಲ್ಲ, ಏಕೆಂದರೆ ಅದು ಏಳುವಷ್ಟರಲ್ಲಿ ಎಷ್ಟೋ ಗಿಡ ಹೂ ಬಿಟ್ಟಿರುತ್ತವೆ. ಆದರೆ ನಾವು ಕೀಳಲಾಗದ ಕಡೆ ಅದು ನಮ್ಮ ಪರವಾಗಿ ದುಡಿಯುತ್ತದೆ. ಮಳೆಗಾಲದಲ್ಲಿ ವಿಷ ಸಿಂಪಡಿಸಿ ಅದನ್ನು ಕೊಲ್ಲುವುದು ನಮ್ಮ ಕೈಯಾರೆ ಮಾಡಿಕೊಳ್ಳುವ ನಷ್ಟ.

ಇನ್ನು ಖಾಲಿ ಪ್ಲಾಟುಗಳು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪನವರು ಪಾರ್ಥೇನಿಯಂ ವಿರುದ್ಧದ ಕೆಲಸವನ್ನು ಆಂದೋಲನದಂತೆ ನಡೆಸಿದವರು. ಈ ಒಂದೇ ಕಳೆಯ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1997ರ ಅಕ್ಟೋಬರಿನಲ್ಲಿ ನಡೆದದ್ದೂ ಧಾರವಾಡದಲ್ಲೇ. ಅಲ್ಲಿನ ವಿಜ್ಞಾನಿಗಳ ಅನುಭವ ಹೇಳಿದ್ದು ಇಷ್ಟು: ಬರಿದಾಗಿ ಬಿಟ್ಟ ನೆಲಕ್ಕೆ ಪಾರ್ಥೇನಿಯಂ ಮರಳಿ ಬಂದೇ ಬರುತ್ತದೆ, ಅದರ ಜತೆ ಪೈಪೋಟಿ ಮಾಡಿ ನಿಲ್ಲುವ ಗಿಡವನ್ನು ಅಲ್ಲಿ ಬೆಳೆಸಬೇಕು. ತಗಚೆ ಅಂಥದೊಂದು. ಅದರ ಎಳೆ ಸೊಪ್ಪನ್ನು ಪಲ್ಯ ಮಾಡಿ ತಿನ್ನುವವರೂ ಇದ್ದಾರೆ. ಚೆಂಡು ಹೂವೂ ಈ ಕೆಲಸಕ್ಕೆ ಸಲ್ಲುತ್ತದೆ. ಕಾರ ಹುಣ್ಣಿಮೆಗೆ ಕಿತ್ತ ಖಾಲಿ ಪ್ಲಾಟಿನಲ್ಲಿ ಚೆಂಡು ಹೂವಿನ ಬೀಜ ಎರಚಿದರೆ ದಸರೆ, ದೀಪಾವಳಿಗೆ ಇಡೀ ಓಣಿಗೆ ಹೂವಾಯಿತು. ಅದಾಗದಿದ್ದರೆ ಹೆಸರು, ಅಲಸಂದಿ ಹಾಕಿ. ಹೂವೋ ಬೇಳೆಯೋ ಸಿಗುವ ಜಾಗದಲ್ಲಿ ಕಸ ಯಾಕಿರಬೇಕು?

ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನಲ್ಲಿ ಇದ್ದುಕೊಂಡು ಇಲ್ಲಿ ಪ್ಲಾಟು ಇಟ್ಟುಕೊಂಡಿರುವ ಬಂಧುಗಳಿಗೆ ವಿಶೇಷವಾಗಿ ಹೇಳಬೇಕು. ನಿಮ್ಮ 30×40ರ ಜಾಗದ ಬೆಲೆ ವರ್ಷ ವರ್ಷ ಏರುತ್ತಿದೆ; ಅಲ್ಲಿಂದ ಹಾರಿದ ಬೀಜವನ್ನು ಅಕ್ಕಪಕ್ಕದವರು ವರ್ಷ ವರ್ಷ ಕೀಳುತ್ತಿದ್ದಾರೆ. ವರ್ಷಕ್ಕೆ ಮೂರು ಸಲ ಸ್ವಚ್ಛ ಮಾಡಿಸುವ ಕೂಲಿಯನ್ನು ನೆರೆಯವರ ಕೈಗೆ ಕಳಿಸಿಕೊಡಿ, ಇಲ್ಲವೇ ಅವರಿಗೆ ಅಲ್ಲಿ ಹೂವೋ ಕಾಳೋ ಬೆಳೆದುಕೊಳ್ಳಲು ಒಪ್ಪಿಗೆ ಕೊಡಿ. ಜಾಗದ ಹಕ್ಕು ನಿಮ್ಮದೇ ಇರುತ್ತದೆ. ಲೇಔಟು ಮಾಡಿ ಮಾರುವವರು ಪಾರ್ಕಿಗೆಂದು ಬಿಟ್ಟ ಜಾಗವನ್ನು ಹಸ್ತಾಂತರಿಸುವವರೆಗೆ ಕಸವಿಲ್ಲದೆ ಇಡುವುದು ಅವರ ಹೊಣೆ. ಪುರಸಭೆಯವರು ರಸ್ತೆ ಬದಿ, ಗಟಾರದ ಅಂಚನ್ನು ಹೂ ಬಿಟ್ಟ ಮೇಲೆ ಯಂತ್ರದಿಂದ ಕತ್ತರಿಸಿ ಬೀಜ ಹರಡುವ ಬದಲು, ಮಳೆ ಬಿದ್ದ ಮೊದಲ ತಿಂಗಳಲ್ಲೇ ಕೀಳಿಸಲಿ. ಆ ಕೆಲಸ ಮಾಡುವ ಪೌರಕಾರ್ಮಿಕರಿಗೆ ಕೈಗವಸು, ಬೂಟು, ಮಾಸ್ಕು ಕೊಡಲಿ. ಯಾವ ಗಿಡ, ಯಾವ ಹುಳ ಎಂಬ ಸಂಶಯ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರವಿದೆ, ಕಲಬುರಗಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ; ಅಲ್ಲಿ ಕೇಳಲು ಹೊಲವೇ ಇರಬೇಕೆಂದಿಲ್ಲ.

ನನ್ನ ವಿನಂತಿ ಇಷ್ಟೇ. ಈ ಸಲ ಮಿರಗ ಮಳೆ ಬಿದ್ದ ಮೇಲಿನ ಮೊದಲ ಭಾನುವಾರ, ಬೆಳಗಿನ ತಂಪಿನಲ್ಲಿ, ಪ್ರತಿ ಓಣಿಯ ಪ್ರತಿ ಮನೆಯಿಂದ ಒಬ್ಬ ದೊಡ್ಡವರು ಕೈಗವಸು ಹಾಕಿಕೊಂಡು ಹೊರಗೆ ಬನ್ನಿ. ದಮ್ಮು, ತುರಿಕೆ ಇರುವವರು ಬರುವುದು ಬೇಡ, ಅವರ ಪಾಲಿನ ಕೆಲಸವನ್ನು ಉಳಿದವರು ಮಾಡೋಣ. ಮೊದಲು ನಿಮ್ಮ ಲಾನ್ ಅಲ್ಲ, ಪಕ್ಕದ ಖಾಲಿ ಪ್ಲಾಟು; ಆಮೇಲೆ ಗಟಾರದ ಅಂಚು, ಕೊನೆಗೆ ನಿಮ್ಮ ಅಂಗಳ. ಕಿತ್ತದ್ದನ್ನು ಗುಂಡಿಗೆ ಹಾಕಿ, ಬರಿದಾದ ಜಾಗಕ್ಕೆ ಬೀಜ ಎರಚಿ. ಪಂಚಮಿಗೆ ಮೊದಲು ಇನ್ನೊಮ್ಮೆ, ಆಗಸ್ಟಿನಲ್ಲಿ ಮತ್ತೊಮ್ಮೆ ಸೇರೋಣ. ಮೂರು ಮಳೆಗಾಲ ಇದನ್ನು ತಪ್ಪದೆ ನಡೆಸಿದ ಓಣಿಯಲ್ಲಿ ಆಮೇಲಿನ ಕೆಲಸ ಹಗುರಾಗುತ್ತದೆ. ಒಂದು ವರ್ಷ ತಪ್ಪಿಸಿದ ಓಣಿಯವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಇಂತಿ,
ನಿಮ್ಮ ಊರಿನವನೇ ಆದ ಒಬ್ಬ ನೆರೆಯವ